ಮುಯ್ಯಾಳು ಚಿಕ್ಕಬೀರಪ್ಪನ ಹೆಂಡತಿ

ಮುನಿತಾಯಮ್ಮನಿಗೆ ಹೊಟ್ಟೆಕಿಚ್ಚು ಜಾಸ್ತಿ ಎಂದರೆ ನಮ್ಮ ಬೀದಿಯಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ. ಅವಳೂ ಇಲ್ಲ ಎನ್ನುವುದಿಲ್ಲ. "ಹೌದು ಕಣಮ್ಮ, ಉರಿಯುತ್ತೆ. ನಿನ್ನ ಓರಗಿತ್ತಿ ಪಕ್ಕದ್ಮನೇಲಿಲ್ಲ, ಅದಕ್ಕೆ ನೀನು ತಣ್ಣಗಿದ್ದೀಯ" ಎಂದು ನನಗೇ ಒಮ್ಮೆ ಹೇಳಿದ್ದಳು. ಅವಳ ಎದುರು ಮನೆಯಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಗಲ್ಲಾಪೆಟ್ಟಿಗೆಯ ಹಿಂದೆ ಕೂತರೆ ಅವಳ ಅಂಗಳವೆಲ್ಲ ಕಾಣುತ್ತದೆ. ಹಾಗಾಗಿ ನಾನು ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಇನ್ನರ್ಧ ಅವಳೇ ಬಂದು ಗಂಟಲು ಹರಿಯುವಂತೆ ಹೇಳಿಕೊಂಡದ್ದು.

ದುಡ್ಡಿನಾಸೆಗೆ ಹೈಕೋರ್ಟಿನವರೆಗೆ ಹೋದಳು ಎಂದು ಊರವರು ಆಡಿಕೊಳ್ಳುತ್ತಾರೆ. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ದುಡ್ಡಿನಾಸೆಯೇ ಆಗಿದ್ದರೆ ಅವಳು ಎಂದೋ ಸುಮ್ಮನಾಗುತ್ತಿದ್ದಳು.

ಸಮೇತನಹಳ್ಳಿ ದಾಟಿ ಒಳಗೆ ಬಂದರೆ ನಮ್ಮೂರು. ಮುನಿತಾಯಮ್ಮ ಈ ಊರಿಗೆ ಬಂದದ್ದು ಚಿಕ್ಕಬೀರಪ್ಪನ ಹೆಂಡತಿಯಾಗಿ. ಹೆಸರಿನಲ್ಲಿ ಮಾತ್ರ ಚಿಕ್ಕ, ಮನೆಗೆ ಅವನೇ ದೊಡ್ಡ ಮಗ. ಅಪ್ಪ ಅಮ್ಮ ಬೇಗ ಹೋಗಿಬಿಟ್ಟಿದ್ದರಿಂದ ತಮ್ಮ ಗುರುವನ್ನು ಬೆಳೆಸಿದ್ದೂ ಅವನೇ. ಗಂಡ ಹೆಂಡತಿ ಇಬ್ಬರೂ ಸೇರಿ ಹಿಪ್ಪುನೇರಳೆ ಬೆಳೆದು, ರೇಷ್ಮೆ ಹುಳ ಸಾಕಿ, ಗುರುವನ್ನು ಐಟಿಐ ಓದಿಸಿದರು. ಅವನಿಗೆ ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದ ದಿನ ಮುನಿತಾಯಮ್ಮ ಬೀದಿಗೆಲ್ಲ ಮೈಸೂರುಪಾಕು ಹಂಚಿದ್ದಳು. ಆಗ ಅವನು ಅವಳ ಮೈದುನ. ಅವನಿಗೊಂದು ಹೆಂಡತಿ ಬಂದ ಮೇಲೆ ಅದೇ ಕೆಲಸ ಅವಳ ಕಣ್ಣು ಕುಕ್ಕಲು ಶುರುವಾಯಿತು.

ಆ ಹೆಂಡತಿ ಶಿಲ್ಪ. ಪಿಯುಸಿ ಓದಿದವಳು, ತೆಳ್ಳಗೆ, ಮಾತು ಕಮ್ಮಿ, ಆಡಿದರೆ ಮಾತ್ರ ನೇರ. ಮನೆಯ ನಡುವೆ ಗೋಡೆ ಎದ್ದಿತು, ಒಲೆ ಎರಡಾದವು, ಅಂಗಳ ಮತ್ತು ಹಿಂದಿನ ಹುಳುಮನೆ ಮಾತ್ರ ಒಂದೇ ಉಳಿದವು. ಶಿಲ್ಪನ ಮನೆಗೆ ಫ್ರಿಜ್ಜು ಬಂದಾಗ ಮುನಿತಾಯಮ್ಮ ವಾರವಿಡೀ ಅವಳ ಮನೆಯ ನೀರು ಮುಟ್ಟಲಿಲ್ಲ. ವಾಷಿಂಗ್ ಮಷೀನು ಬಂದಾಗ, "ಬಟ್ಟೆ ಒಗೆಯೋಕೂ ಕೈ ನೋಯುತ್ತಾ ಇವಳ್ಗೆ" ಎಂದು ಅಂಗಡಿಯಲ್ಲಿ ನಿಂತು ನನ್ನ ಗಿರಾಕಿಗಳಿಗೆಲ್ಲ ಕೇಳಿಸಿದಳು. ಗುರು ಕೊರಳಿಗೆ ಗುರುತಿನ ಕಾರ್ಡು ನೇತು ಹಾಕಿಕೊಂಡು ಕಂಪನಿ ಬಸ್ಸಿಗೆ ನಿಂತರೆ, ಆ ಕಾರ್ಡು ತನ್ನನ್ನೇ ಅಣಕಿಸುತ್ತಿದೆ ಎಂಬಂತೆ ಮುಖ ತಿರುಗಿಸುತ್ತಿದ್ದಳು.

ಚಿಕ್ಕಬೀರಪ್ಪನಿಗೆ ಇದೆಲ್ಲ ತಲೆಗೇ ಹೋಗುತ್ತಿರಲಿಲ್ಲ. ಬೆಳಿಗ್ಗೆ ಸೊಪ್ಪು ಕೊಯ್ಯುವುದು, ಹುಳಕ್ಕೆ ಹಾಕುವುದು, ಆಮೇಲೆ ಯಾರ ಮನೆಯಲ್ಲಿ ಹುಳ ಹಣ್ಣಾಗಿದೆಯೋ ಅಲ್ಲಿಗೆ ಮುಯ್ಯಿಗೆ ಹೋಗುವುದು, ಇಷ್ಟೇ ಅವನ ದಿನ.

ಹುಳ ಹಣ್ಣಾದ ದಿನ, ಎಂದರೆ ಅದು ಸೊಪ್ಪು ಬಿಟ್ಟು ನೂಲು ತೆಗೆಯಲು ಶುರು ಮಾಡುವ ದಿನ, ರೇಷ್ಮೆ ಮನೆಯವರಿಗೆ ತಮ್ಮ ಕೈ ಸಾಲುವುದಿಲ್ಲ. ಹಣ್ಣಾದವನ್ನು ಒಂದೊಂದಾಗಿ ಆಯ್ದು, ಗೂಡು ಕಟ್ಟಲೆಂದು ಹೆಣೆದ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ನೂಲೆಲ್ಲ ಸೊಪ್ಪಿನ ಮೇಲೆ ವ್ಯರ್ಥವಾಗಿ ಹೋಗುತ್ತದೆ. ಅದಕ್ಕೇ ಆ ದಿನಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ. ಕೂಲಿ ಕೊಡುವ ಹಾಗಿಲ್ಲ, ಕೇಳುವ ಹಾಗೂ ಇಲ್ಲ. ಇವತ್ತು ನಿಮ್ಮ ಮನೆಗೆ ನಾನು ಬಂದರೆ ನಾಳೆ ನಮ್ಮ ಮನೆಗೆ ನೀವು. ಹೀಗೆ ಬರುವವರನ್ನೇ ಮುಯ್ಯಾಳು ಎನ್ನುವುದು. ಚಿಕ್ಕಬೀರಪ್ಪ ಊರಿನ ಒಂದು ಮನೆಯನ್ನೂ ಬಿಟ್ಟವನಲ್ಲ. ಹಾಗಾಗಿ ಅವನ ಹುಳ ಹಣ್ಣಾದ ದಿನ ಅಂಗಳ ತುಂಬ ಜನ.

ಆ ದಿನ ಮುನಿತಾಯಮ್ಮನನ್ನು ನೋಡಬೇಕಿತ್ತು. ಒಳ್ಳೆ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಆ ತಟ್ಟೆ ಇಲ್ಲಿ ತಗೊಂಡ್ಬಾ, ಈ ಕಡೆ ಕೂತ್ಕೋ" ಎಂದು ಜೋರು ಮಾಡುತ್ತಿದ್ದಳು. ಅಷ್ಟು ಜೋರು ಬೇಕಾಗಿರಲಿಲ್ಲ, ಎಲ್ಲರಿಗೂ ಕೆಲಸ ಗೊತ್ತಿತ್ತು. ಆ ಗಂಟಲು ಗೋಡೆಯಾಚೆಯ ಶಿಲ್ಪನಿಗೆ. ನಿನ್ನ ಗಂಡ ಇನ್ನೊಬ್ಬರ ಕೈಕೆಳಗೆ ದುಡಿಯುತ್ತಾನೆ, ನನ್ನ ಗಂಡನ ಮನೆಗೆ ಜನ ಬಂದು ದುಡಿಯುತ್ತಾರೆ, ಕೇಳಿಸಿಕೋ ಎಂದು ಅದರ ಅರ್ಥ.

ಕೊರೊನಾ ಗಲಾಟೆ ಮುಗಿದ ವರ್ಷ ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಹೋದರು. ಗುರುವಿಗೆ ಕಂಪನಿ ಬಸ್ಸು ತಪ್ಪಿತ್ತು, ಬೈಕು ತೆಗೆದ. ಹುಳುಮನೆಗೆ ಸುಣ್ಣ, ಬ್ಲೀಚಿಂಗ್ ಪುಡಿ ತರಬೇಕೆಂದು ಚಿಕ್ಕಬೀರಪ್ಪ ಹಿಂದೆ ಹತ್ತಿದ. ಹೊಸಕೋಟೆ ರಸ್ತೆಯಲ್ಲಿ ಜಲ್ಲಿ ತುಂಬಿದ ಟಿಪ್ಪರ್ ಲಾರಿಯೊಂದು ಹಿಂದಿನಿಂದ ಬಂದು ಗುದ್ದಿತು. ಅಣ್ಣ ಅಲ್ಲೇ ಹೋದ, ತಮ್ಮ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ. ಒಂದೇ ಅಂಗಳದಲ್ಲಿ ಎರಡು ಹೆಣ ಇಳಿಸಿದ್ದನ್ನು ನಾನು ಮತ್ತೆ ನೆನೆಸಿಕೊಳ್ಳಲಾರೆ. ಅವತ್ತು ಒಂದು ದಿನ ಮಾತ್ರ ಓರಗಿತ್ತಿಯರಿಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು.

ಲಾರಿಯ ಇನ್ಶೂರೆನ್ಸ್ ಕಂಪನಿಯ ಮೇಲೆ ಇಬ್ಬರೂ ಪರಿಹಾರದ ಕೇಸು ಹಾಕಿದರು. ಲಾಯರು ಒಬ್ಬರೇ, ಹೊಸಕೋಟೆಯ ಆನಂದ್. ಎರಡು ಕೇಸೂ ಒಟ್ಟಿಗೆ ನಡೆದವು. ಮುನಿತಾಯಮ್ಮ ಸಾಕ್ಷಿ ಕಟಕಟೆ ಹತ್ತಿದ ದಿನ ನಾನು ಜೊತೆಗೆ ಹೋಗಿದ್ದೆ. ಶಿಲ್ಪ ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಿದ್ದಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಕಂಪನಿ ಕಡೆಯ ಲಾಯರು ಎದ್ದು ನಿಂತು ಕೇಳಿದರು:

"ನಿಮ್ಮ ಗಂಡ ಯಾರ ಮನೇಲಾದ್ರೂ ಕೆಲಸಕ್ಕೆ ಹೋಗ್ತಿದ್ರಾ?"

ಮುನಿತಾಯಮ್ಮ ಒಮ್ಮೆ ಹಿಂದೆ ತಿರುಗಿ ಶಿಲ್ಪನನ್ನು ನೋಡಿದಳು.

"ನಮ್ಮ ಯಜಮಾನ್ರು ಯಾಕೆ ಸಾರ್ ಇನ್ನೊಬ್ಬರ ಮನೆಗೆ ಹೋಗ್ತಾರೆ? ನಮ್ಮನೆಗೇ ಕೆಲಸಕ್ಕೆ ಜನ ಬರ್ತಿದ್ರು."

"ಅಂದ್ರೆ ಕೆಲಸ ಮಾಡ್ತಿದ್ದವರು ಬೇರೆಯವರು?"

"ಹೂಂ ಮತ್ತೆ. ಇವರು ಕೈ ಕೆಸರು ಮಾಡ್ಕೊಂಡೋರಲ್ಲ. ನಿಂತ್ಕೊಂಡು ಮಾಡಿಸ್ತಿದ್ರು."

ಕಂಪನಿ ಲಾಯರಿಗೆ ಇನ್ನೇನೂ ಬೇಕಾಗಿರಲಿಲ್ಲ. ಥ್ಯಾಂಕ್ಸ್ ಎಂದು ಕೂತುಬಿಟ್ಟರು. ಆನಂದ್ ಹಣೆ ಉಜ್ಜಿಕೊಂಡರು. ಮುನಿತಾಯಮ್ಮ ಮಾತ್ರ ಗೆದ್ದ ಮುಖದಲ್ಲಿ ಇಳಿದು ಬಂದಳು.

ತೀರ್ಪಿನಲ್ಲಿ ಅವಳ ಮಾತೇ ಅವಳಿಗೆ ಮುಳುವಾಯಿತು. ಜಮೀನು ಹಾಗೇ ಇದೆ, ದುಡಿಯುವ ಆಳುಗಳು ಇದ್ದಾರೆ, ಹೋದದ್ದು ಮೇಲೆ ನಿಂತು ನೋಡಿಕೊಳ್ಳುತ್ತಿದ್ದವರು ಮಾತ್ರ, ಅದಕ್ಕೆ ಇಷ್ಟು ಎಂದು ಕೋರ್ಟು ಬರೆಯಿತು. ಗುರುವಿಗೆ ಸಂಬಳದ ಚೀಟಿ ಇತ್ತು, ಪಿಎಫ್ ಇತ್ತು, ವಯಸ್ಸೂ ಕಮ್ಮಿ. ಅವನ ಜೀವಕ್ಕೆ ಕೊಟ್ಟದ್ದರಲ್ಲಿ ಕಾಲುಭಾಗವೂ ಅಣ್ಣನ ಜೀವಕ್ಕೆ ಇರಲಿಲ್ಲ.

ಅವತ್ತು ಮುನಿತಾಯಮ್ಮ ಅಂಗಡಿ ಮುಂದೆ ನಿಂತು ಕೂಗಾಡಿದ್ದು ಊರಿಗೆಲ್ಲ ಕೇಳಿಸಿತು. "ಒಂದೇ ಗಾಡಿ, ಒಂದೇ ಲಾರಿ, ಒಂದೇ ತಾಯಿ ಹೊಟ್ಟೇಲಿ ಹುಟ್ಟಿದ್ದು. ಹಿಂದೆ ಕೂತಿದ್ದಕ್ಕೆ ನನ್ನ ಗಂಡನ ಬೆಲೆ ಇಳಿದು ಹೋಯ್ತಾ? ತಮ್ಮನ್ನ ಸಾಕಿದೋನು ಅವನು! ಈಗ ತಮ್ಮ ಬಂಗಾರ, ಅಣ್ಣ ತೌಡಾ?"

ಗಲಾಟೆ ಕೇಳಿ ಶಿಲ್ಪ ಹೊರಗೆ ಬಂದಳು. ಸಂಕೋಚದಿಂದಲೇ, "ಅಕ್ಕ, ಅಕ್ಷತನ ಕಾಲೇಜು ಫೀಸು ನಾನು ಕಟ್ತೀನಿ. ನಂದೂ ನಿಂದೂ ಅಂತ ಯಾಕೆ" ಎಂದಳು. ಅಕ್ಷತ ಎಂದರೆ ಮುನಿತಾಯಮ್ಮನ ಒಬ್ಬಳೇ ಮಗಳು.

"ನಿನ್ನ ಗಂಡನ ದುಡ್ಡಲ್ಲಿ ನನ್ನ ಮಗಳು ಓದೋದು ಬೇಡ. ಅವರಪ್ಪನ ಬೆಲೆ ಎಷ್ಟು ಅಂತ ಕೋರ್ಟೇ ಸರಿಯಾಗಿ ಹೇಳ್ಲಿ. ಅಲ್ಲೀತನಕ ನಾನು ಬಿಡಲ್ಲ" ಎಂದು ಮುನಿತಾಯಮ್ಮ ಬಾಗಿಲು ಹಾಕಿಕೊಂಡಳು. ಈಗ ಹೇಳಿ, ಇದು ದುಡ್ಡಿನಾಸೆಯಾ?

ಅಪೀಲು ಹಾಕಲು ಆನಂದ್ ಆಫೀಸಿಗೆ ಹೋದಾಗಲೂ ನಾನೇ ಜೊತೆ. ಅವರು ಮೊದಲು ಬೇಸರದಲ್ಲೇ ಇದ್ದರು. "ಅಮ್ಮ, ನೀವೇ ಹೇಳಿದ್ದೀರಲ್ಲ, ಅವರು ಕೆಲಸ ಮಾಡ್ತಿರಲಿಲ್ಲ ಅಂತ. ಈಗ ನಾನು ಹೈಕೋರ್ಟಿಗೆ ಹೋಗಿ ಏನು ಹೇಳ್ಲಿ?" ಎಂದರು. ಮುನಿತಾಯಮ್ಮ ಸೆರಗಿನ ಅಂಚು ತಿರುಚಿದಳು. ಮಾತಿಗೆ ಮಾತು ಬಂದು ಅವರು, "ಈಗ ಹುಳ ಸಾಕಾಣಿಕೆ ಹೆಂಗೆ ನಡೀತಾ ಇದೆ" ಎಂದು ಕೇಳಿದರು.

"ಎಲ್ಲಿ ನಡೀತದೆ ಸಾರ್. ಮೊದಲನೇ ಬೆಳೆಗೆ ಪಾಪ ಅಂತ ಬಂದ್ರು. ಆಮೇಲೆ ಯಾರೂ ಬರ್ಲಿಲ್ಲ. ಕೂಲಿ ಕೊಟ್ಟು ಕರೀಬೇಕು. ಕೂಲಿ ಕೊಟ್ರೆ ಗೂಡು ಮಾರಿದ್ದೆಲ್ಲ ಅದಕ್ಕೇ ಸರಿಹೋಯ್ತದೆ. ಅರ್ಧ ತೋಟ ಕಿತ್ತು ಹಾಕಿದ್ದೀನಿ."

"ಯಾಕೆ ಬರಲ್ಲ? ಮೊದಲು ಬರ್ತಿದ್ರು ಅಂದ್ರಲ್ಲ."

"ಮೊದಲು ಇವರು ಎಲ್ಲರ ಮನೆಗೂ ಮುಯ್ಯಿಗೆ ಹೋಗ್ತಿದ್ರಲ್ಲ ಸಾರ್. ಈಗ ಯಾರು ಹೋಗ್ತಾರೆ? ನಾನೊಬ್ಬಳು ಎಷ್ಟು ಮನೆಗೆ ಹೋಗ್ಲಿ?"

ಆನಂದ್ ಪೆನ್ನು ಕೆಳಗಿಟ್ಟು ಅವಳ ಮುಖವನ್ನೇ ನೋಡಿದರು. "ಅಂದ್ರೆ ಅವರು ಊರೆಲ್ಲ ದುಡೀತಿದ್ರು, ಆ ದುಡಿಮೆಗೆ ಬದಲಾಗಿ ಜನ ನಿಮ್ಮ ಮನೆಗೆ ಬರ್ತಿದ್ರು. ನಿಮಗಾದ ನಷ್ಟವೇ ಅದಲ್ವಾ? ಇದನ್ನ ಅವತ್ತು ಯಾಕಮ್ಮ ಹೇಳ್ಲಿಲ್ಲ?"

ಯಾಕೆಂದು ನನಗೆ ಗೊತ್ತಿತ್ತು, ಅವಳಿಗೆ ಹೇಳುವ ಧೈರ್ಯ ಇರಲಿಲ್ಲ. ಕಾರ್ಡು ಹಾಕಿಕೊಂಡು ಬಸ್ಸು ಹತ್ತುತ್ತಿದ್ದವನ ಹೆಂಡತಿಯ ಮುಂದೆ, ನನ್ನ ಗಂಡ ಮನೆಮನೆಗೆ ಹೋಗಿ ದುಡಿಯುತ್ತಿದ್ದ ಎನ್ನಲು ಅವಳ ನಾಲಿಗೆ ಏಳಲಿಲ್ಲ, ಅಷ್ಟೇ.

ಅಪೀಲು ಹೈಕೋರ್ಟಿನಲ್ಲಿ ಬಹಳ ಕಾಲ ಕೂತಿತ್ತು. ಕೊನೆಗೆ, ಆದಾಯದ ವಿಷಯದಲ್ಲಿ ಮತ್ತೆ ಸಾಕ್ಷಿ ಕೇಳಿ ಹೊಸದಾಗಿ ತೀರ್ಮಾನ ಮಾಡಿ ಎಂದು ಕೇಸು ಕೆಳಗಿನ ಕೋರ್ಟಿಗೇ ವಾಪಸು ಬಂತು. ಈಗ ಸಾಕ್ಷಿ ಬೇಕು. ಮುನಿತಾಯಮ್ಮ ಹಿಂದೆ ಹೇಳಿದ್ದನ್ನು ಅವಳೇ ಅಲ್ಲಗಳೆದರೆ ನಂಬುವವರಾರು? ಚಿಕ್ಕಬೀರಪ್ಪ ದುಡಿದದ್ದನ್ನು ದಿನಾ ನೋಡಿದವರು ಬಂದು ಹೇಳಬೇಕು ಎಂದರು ಆನಂದ್. ನಾನು ಬರುತ್ತೇನೆ ಎಂದೆ. "ಅಂಗಡೀಲಿ ಕೂತವರು ಹುಳುಮನೆ ಒಳಗೆ ಏನು ಕಂಡ್ರಿ ಅಂತ ಒಂದೇ ಪ್ರಶ್ನೇಲಿ ಕೂರಿಸ್ತಾರೆ" ಎಂದುಬಿಟ್ಟರು. ಮುಯ್ಯಿ ಪಡೆದ ಮನೆಗಳವರು ಕೋರ್ಟು ಎಂದ ಕೂಡಲೇ ಒಬ್ಬೊಬ್ಬರಾಗಿ ಜಾರಿಕೊಂಡರು. ಅವರನ್ನೂ ಬೈಯುವ ಹಾಗಿಲ್ಲ, ಗಂಡ ಹೋದ ಮೇಲೆ ಮುನಿತಾಯಮ್ಮ ಜಗಳ ತೆಗೆಯದ ಮನೆ ಉಳಿದಿರಲಿಲ್ಲ. ಗಂಡಂದಿರು ಬದುಕಿದ್ದ ಹೆಂಗಸರನ್ನು ಕಂಡರೇ ಅವಳಿಗೆ ಆಗುತ್ತಿರಲಿಲ್ಲ.

ಉಳಿದವಳು ಶಿಲ್ಪ ಒಬ್ಬಳೇ.

ಎಷ್ಟೋ ದಿನ ಮುನಿತಾಯಮ್ಮ ಆ ಮಾತೇ ಎತ್ತಲಿಲ್ಲ. ವಾಯಿದೆಯ ಹಿಂದಿನ ದಿನ ಬೆಳಿಗ್ಗೆ ಶಿಲ್ಪ ಅಂಗಳದ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಾಗ ಇವಳೂ ಖಾಲಿ ಬಿಂದಿಗೆ ಹಿಡಿದು ಹೋಗಿ ನಿಂತಳು.

"ನಾಳೆ ಕೋರ್ಟಿಗೆ ಬರ್ಬೇಕಂತೆ ನೀನು."

"ಯಾರು ಹೇಳಿದ್ದು?"

"ಲಾಯರು."

"ಲಾಯರು ಹೇಳಿದ್ರೆ ಲಾಯರೇ ಬಂದು ಕರೀಲಿ ಅಕ್ಕ."

ಮುನಿತಾಯಮ್ಮ ಬಿಂದಿಗೆಯನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿದಳು. ಆಮೇಲೆ ಬಲು ಕಷ್ಟಪಟ್ಟು, "ನಾನೇ ಕರೀತಾ ಇದೀನಿ ಅನ್ಕೋ" ಎಂದಳು. ಶಿಲ್ಪ ತುಂಬಿದ ಕೊಡ ಪಕ್ಕಕ್ಕಿಟ್ಟು, ಅವಳ ಬಿಂದಿಗೆ ಇಸಿದುಕೊಂಡು ನಲ್ಲಿ ಕೆಳಗೆ ಹಿಡಿದಳು. "ಎಷ್ಟೊತ್ತಿಗೆ ಹೊರಡಬೇಕು" ಎಂದು ಕೇಳಿದಳು.

ಶಿಲ್ಪ ಕಟಕಟೆಯಲ್ಲಿ ನಿಂತಾಗ ಕಂಪನಿ ಲಾಯರು ಹಳೆಯ ಹೇಳಿಕೆಯನ್ನು ಓದಿ ಹೇಳಿದರು.

"ನಿಮ್ಮ ಓರಗಿತ್ತಿ ಅವತ್ತು ಪ್ರಮಾಣ ಮಾಡಿ ಹೇಳಿದ್ದು ಸುಳ್ಳಾ?"

"ಸುಳ್ಳು ಸಾರ್."

ನನ್ನ ಪಕ್ಕದಲ್ಲಿ ಮುನಿತಾಯಮ್ಮ ಬುಸ್ಸೆಂದಳು. ನಾನು ಅವಳ ಕೈ ಒತ್ತಿ ಹಿಡಿದೆ.

"ಸುಳ್ಳು ಯಾಕೆ ಹೇಳಿದ್ರು?"

"ಹಿಂದೆ ನಾನು ಕೂತಿದ್ದೆ ಸಾರ್. ಅಕ್ಕ ಜಡ್ಜ್ ಸಾಹೇಬ್ರಿಗೆ ಹೇಳ್ಲಿಲ್ಲ, ನನಗೆ ಹೇಳಿದ್ರು."

"ನಿಮ್ಮ ಭಾವ ದುಡೀತಿದ್ದದ್ದು ನಿಮಗೆ ಹೆಂಗೆ ಗೊತ್ತು? ನೀವು ಹುಳುಮನೆ ಕೆಲಸಕ್ಕೆ ಹೋಗ್ತಿದ್ರಾ?"

"ಇಲ್ಲ ಸಾರ್. ನಮ್ಮ ಅಡುಗೆಮನೆ ಕಿಟಕಿ ತೆಗೆದ್ರೆ ಹುಳುಮನೆ ಒಳಗೆಲ್ಲ ಕಾಣುತ್ತೆ. ಮದುವೆಯಾಗಿ ಬಂದ ದಿನದಿಂದ ನೋಡಿದ್ದೀನಿ."

ಆಮೇಲೆ ಅವಳು ನಿಲ್ಲಿಸಲಿಲ್ಲ. ಬೆಳಕು ಹರಿಯುವ ಮೊದಲೇ ಭಾವ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದದ್ದು, ಮುಯ್ಯಿ ಮುಗಿಸಿ ಬಂದು ಕೈಕಾಲು ತೊಳೆಯದೆ ಹುಳುಮನೆ ಹೊಸ್ತಿಲು ದಾಟದೆ ಇದ್ದದ್ದು, ಊಟಕ್ಕೆ ಕೂತಾಗಲೂ ಬೆರಳುಗಳಿಗೆ ಹತ್ತಿದ ಹುಳದ ಹಳದಿ ಹೋಗದೆ ಇದ್ದದ್ದು, ಎಲ್ಲ ಹೇಳಿದಳು. ಹಣ್ಣುಹುಳ ಆಯುವುದರಲ್ಲಿ ಅವನಷ್ಟು ಚುರುಕು ಕೈ ಊರಲ್ಲಿ ಇರಲಿಲ್ಲ, ಅದಕ್ಕೇ ಎಲ್ಲರೂ ಮೊದಲು ಅವನನ್ನೇ ಕರೆಯುತ್ತಿದ್ದರು ಎಂದಳು.

"ಅಕ್ಕ ಒಂದೇ ಸಮನೆ ಬೈತಾನೇ ಇರೋರು. ಭಾವ ತಲೆ ತಗ್ಗಿಸ್ಕೊಂಡು ಹುಳ ಆಯ್ತಾ ನಗೋರು ಸಾರ್. ಅಕ್ಕಂಗೆ ಕಾಣ್ತಿರಲಿಲ್ಲ. ಕಿಟಕಿಯಿಂದ ನಂಗೆ ಕಾಣ್ತಿತ್ತು."

ಕಂಪನಿ ಲಾಯರಿಗೆ ತಾಳ್ಮೆ ಕೆಟ್ಟಿತು. "ನಿಮಗೆ ನಿಮ್ಮ ಮನೆ ಕೆಲಸ ಇರಲಿಲ್ವಾ? ಇಷ್ಟೆಲ್ಲ ಯಾಕೆ ನೋಡ್ತಿದ್ರಿ?"

"ಹೊಟ್ಟೆಕಿಚ್ಚಿಗೆ ಸಾರ್" ಎಂದಳು ಶಿಲ್ಪ.

ಟೈಪು ಮಾಡುತ್ತಿದ್ದ ಹುಡುಗಿ ಕೈ ನಿಲ್ಲಿಸಿ ಜಡ್ಜರ ಮುಖ ನೋಡಿದಳು. ಅವರು, "ಹೇಳಿದ್ದು ಹಂಗೇ ಬರ್ಕೊಳ್ಳಿ" ಎಂದರು.

"ನಮ್ಮವರು ಬಸ್ಸು ಇಳಿದು ಬಂದ್ರೆ ಮಲಗೋರು, ಎದ್ರೆ ಬಸ್ಸು ಹತ್ತೋರು. ಭಾನುವಾರಾನೂ ಓಟಿ ಅಂತ ಹೋಗೋರು. ಫ್ರಿಜ್ಜು ತಂದಿಟ್ರು, ಮಷೀನು ತಂದಿಟ್ರು, ಎದುರಿಗೆ ಕೂತು ನಾಲ್ಕು ಮಾತಾಡೋಕೆ ಅವರಿಗೆ ಟೈಮೇ ಇರಲಿಲ್ಲ. ಭಾವ ಮನೇಲಿದ್ದ ದಿನ ಇವರಿಬ್ರೂ ಬೆಳಗಿಂದ ಸಂಜೆವರೆಗೂ ಒಂದೇ ಹುಳದ ತಟ್ಟೆ ಮುಂದೆ ಕೂತಿರೋರು. ನೋಡಿದ್ರೆ ನಂಗೆ ಉರೀತಿತ್ತು ಸಾರ್. ಆದ್ರೂ ನೋಡ್ತಿದ್ದೆ."

ಮುನಿತಾಯಮ್ಮನ ಕೈ ನನ್ನ ಕೈಯೊಳಗೆ ಸಡಿಲವಾಯಿತು. ಅವಳಿಗೆ ಖುಷಿಯಾಗಬೇಕಿತ್ತು ಎಂದುಕೊಳ್ಳುತ್ತೀರಿ. ಇಷ್ಟು ವರ್ಷ ಯಾರನ್ನು ಕಂಡು ಕರುಬಿದಳೋ, ಅವಳೇ ತನ್ನನ್ನು ಕಂಡು ಕರುಬಿದ್ದಳಂತೆ, ಅದೂ ಕೋರ್ಟಿನಲ್ಲಿ ದಾಖಲಾಯಿತು. ಆದರೆ ಮುನಿತಾಯಮ್ಮನ ಮುಖ ಕಪ್ಪಿಟ್ಟಿತು. ಹೊರಗೆ ಬಂದ ಮೇಲೆ ಶಿಲ್ಪನಿಗೆ ಒಂದು ಒಳ್ಳೆ ಮಾತು ಹೇಳಲಿಲ್ಲ. ಹೋಟೆಲಿನಲ್ಲಿ ಟೀ ಕುಡಿಸಿ, ದುಡ್ಡು ತಾನೇ ಕೊಟ್ಟು, ಊರಿನ ಬಸ್ಸು ಹತ್ತಿದಳು.

ಯಾಕೆ ಹಾಗೆ ಎಂದು ನನಗೆ ಗೊತ್ತಾದದ್ದು ಕೆಲವು ದಿನಗಳ ಮೇಲೆ. ಸಕ್ಕರೆ ಕಟ್ಟಿಸಿಕೊಳ್ಳಲು ಬಂದವಳು ಇದ್ದಕ್ಕಿದ್ದಂತೆ, "ಅವರು ನಗೋದು ಅವಳಿಗೆ ಕಂಡಿದೆ ಕಣಮ್ಮ, ನಂಗೆ ಕಂಡಿಲ್ಲ. ನಾನು ತಾಳಿ ಕಟ್ಟಿಸ್ಕೊಂಡೋಳು, ಪಕ್ಕದಲ್ಲೇ ಕೂತಿದ್ದೋಳು" ಎಂದಳು. ಫ್ರಿಜ್ಜಿಗೆ, ಮಷೀನಿಗೆ, ಕೋರ್ಟು ಕೊಟ್ಟ ಪರಿಹಾರಕ್ಕೆ ಪಟ್ಟ ಹೊಟ್ಟೆಕಿಚ್ಚೆಲ್ಲ ಇದರ ಮುಂದೆ ಏನೂ ಅಲ್ಲ. ಮಗ್ಗುಲಲ್ಲೇ ಇದ್ದ ಗಂಡನ ಒಂದು ನಗು ಓರಗಿತ್ತಿಯ ಪಾಲಾಗಿತ್ತು. ಅದನ್ನು ಯಾವ ಕೋರ್ಟಿನಲ್ಲಿ ಕೇಳುವುದು?

ತೀರ್ಪು ಈ ವರ್ಷ ಯುಗಾದಿ ಕಳೆದ ಮೇಲೆ ಬಂತು. ಸತ್ತವರು ಸ್ವಂತ ದುಡಿಮೆಯವರು, ಮುಯ್ಯಿ ಎನ್ನುವುದೂ ಆದಾಯವೇ ಎಂದು ಒಪ್ಪಿ ಪರಿಹಾರವನ್ನು ದುಪ್ಪಟ್ಟಿಗಿಂತ ಹೆಚ್ಚು ಮಾಡಿದ್ದರು. ಆದರೂ ಅದು ಗುರುವಿನದಕ್ಕಿಂತ ಕಮ್ಮಿಯೇ. ಆನಂದ್ ಸ್ವಲ್ಪ ಹೆದರಿಕೊಂಡೇ, "ಇನ್ನೂ ಅಪೀಲು ಹೋಗಬಹುದು ಅಮ್ಮ, ಏನಂತೀರಿ" ಎಂದು ಕೇಳಿದರು. ನಾನೂ ಶಿಲ್ಪನೂ ಅವಳ ಬಾಯನ್ನೇ ನೋಡುತ್ತ ನಿಂತೆವು. ಕಮ್ಮಿ ಎಂದ ಮೇಲೆ ಇವಳು ಬಿಡುವವಳಲ್ಲ ಎಂದು ನಾನು ದೆಹಲಿಯ ಸುಪ್ರೀಂ ಕೋರ್ಟಿನವರೆಗೂ ಯೋಚನೆ ಮಾಡಿದ್ದೆ.

"ಸಾಕು ಬಿಡಿ ಸಾರ್. ದುಡೀತಿದ್ರು ಅಂತ ಬರೆದಿದ್ದಾರಲ್ಲ" ಎಂದಳು ಮುನಿತಾಯಮ್ಮ.

ವಾಪಸು ಬರುವಾಗ ಬಸ್ಸು ಖಾಲಿ ಇತ್ತು. ಅವರಿಬ್ಬರೂ ಒಂದು ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ ಕೂತೆ. ಊರು ಹತ್ತಿರವಾಯಿತು. ಮುನಿತಾಯಮ್ಮ ಶಿಲ್ಪನ ಕಡೆ ತಿರುಗದೆಯೇ ಕೇಳಿದಳು:

"ನಗೋರು ಅಂದ್ಯಲ್ಲ ಅವತ್ತು. ನಿಜವಾಗ್ಲೂ ನಗೋರಾ, ಇಲ್ಲ ಜಡ್ಜ್ ಮುಂದೆ ಹಂಗೆ ಹೇಳಿದ್ಯಾ?"

"ನಗೋರು ಅಕ್ಕ."

"ನಾನು ಬೈಯೋವಾಗ?"

"ನೀವು ಬೈದಷ್ಟೂ ನಗೋರು."

"ನಂಗೆ ಒಂದು ದಿನಾನೂ ಕಾಣ್ಲಿಲ್ಲ ಕಣೆ."

ಶಿಲ್ಪನಿಗೆ ಸುತ್ತಿ ಬಳಸಿ ಹೇಳಿ ಅಭ್ಯಾಸವಿಲ್ಲ. "ನೀವು ಯಾವಾಗ್ಲೂ ನಮ್ಮ ಮನೆ ಕಡೆ ನೋಡ್ಕೊಂಡು ಬೈತಿದ್ರಿ ಅಕ್ಕ" ಎಂದಳು.

ಈಗ ಶುರುವಾಯಿತು ಎಂದುಕೊಂಡು ನಾನು ಸೀಟಿನ ಕಂಬಿ ಹಿಡಿದು ಮುಂದಕ್ಕೆ ಬಗ್ಗಿದೆ. ಮುನಿತಾಯಮ್ಮ ಜಗಳಕ್ಕೆ ನಿಲ್ಲಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು, ಮೂಗು ಒರೆಸಿಕೊಂಡಳು, ಆಮೇಲೆ ಓರಗಿತ್ತಿಯ ಕಡೆಗೆ ಪೂರ್ತಿ ತಿರುಗಿ ಕೂತಳು.

"ಹೆಂಗೆ ನಗೋರು? ತೋರ್ಸು."

ಶಿಲ್ಪ ತಲೆ ತಗ್ಗಿಸಿದಳು. ತೊಡೆಯ ಮೇಲೆ ಬೆರಳಾಡಿಸುತ್ತ ಹುಳ ಆಯುವಂತೆ ಮಾಡಿದಳು, ತುಟಿ ಒಂದು ಕಡೆಗೆ ಎಳೆದುಕೊಂಡಳು. ಅಷ್ಟರಲ್ಲಿ ಅವಳಿಗೆ ಅಳು ಉಕ್ಕಿ ಬಂತು.

"ಅಳಬೇಡ ಕಣೆ, ಸರಿಯಾಗಿ ತೋರ್ಸು" ಎಂದು ಮುನಿತಾಯಮ್ಮ ಗದರಿದಳು.